ವಾಪಸ್ ಬರುತ್ತಿದ್ದ ರಕ್ತ

ಅವರ ಕಾಲಿನ ಹವಾಯಿ ಚಪ್ಪಲಿಗಳು ಒಂದಕ್ಕೊಂದು ಜೋಡಿಯಲ್ಲ. ಎಡಗಾಲಿನದಕ್ಕೆ ನೀಲಿ ಬಾರು, ಬಲಗಾಲಿನದಕ್ಕೆ ಬಿಳಿ. ಆಪರೇಷನ್ ಥಿಯೇಟರಿನ ಬಾಗಿಲಲ್ಲಿ ಬಿಟ್ಟಿದ್ದ ಚಪ್ಪಲಿ ರಾಶಿಯಿಂದ ಯಾರೋ ಒಂದನ್ನು ಅದಲುಬದಲು ಮಾಡಿಕೊಂಡು ಹೋಗಿದ್ದರು. ಇವರು ಉಳಿದದ್ದನ್ನೇ ಮೆಟ್ಟಿಕೊಂಡು ವರ್ಷಗಟ್ಟಲೆ ಓಡಾಡಿದರು. ನೀಲಿಯದು ಒಂದು ನಂಬರು ದೊಡ್ಡದು. ಹಾಗಾಗಿ ಮೆಟ್ಟಿಲಿಳಿಯುವಾಗ ಒಂದು ಕಾಲು ಟಪ್ ಅಂದರೆ ಇನ್ನೊಂದು ಟಪಾರ್ ಅನ್ನುತ್ತಿತ್ತು. ಬೆಳಿಗ್ಗೆ ಏಳಕ್ಕೆ ಆ ಸದ್ದು ನೆಲಮಾಳಿಗೆಗೆ ಇಳಿದು ಬಂತೆಂದರೆ ಅವತ್ತು ಲಿವರ್ ಆಪರೇಷನ್ ಇದೆ ಎಂದರ್ಥ. ನನ್ನ ಹೊಟ್ಟೆಯೊಳಗಿನ ಉರಿಯೂ ಆಗಲೇ ಶುರುವಾಗುತ್ತಿತ್ತು.

ನಾನು ತುಮಕೂರಿನ ಒಂದು ಖಾಸಗಿ ಆಸ್ಪತ್ರೆಯ ನೆಲಮಾಳಿಗೆಯ ರಕ್ತನಿಧಿಯಲ್ಲಿ ಹಿರಿಯ ಟೆಕ್ನಿಷಿಯನ್. ಅವರು ಅದೇ ಆಸ್ಪತ್ರೆಯಲ್ಲಿ ಅರಿವಳಿಕೆ ಕೊಡುವ ವೈದ್ಯೆ. ಅರಿವಳಿಕೆ ಅನ್ನುವ ಪದ ಬೋರ್ಡಿನ ಮೇಲೆ ಮಾತ್ರ ಇತ್ತು. ರೋಗಿಗಳ ಕಡೆಯವರು ‘ಮತ್ತು ಕೊಡೋ ಮೇಡಂ’ ಅನ್ನುತ್ತಿದ್ದರು, ನಾವೂ ಹಾಗೇ ಅನ್ನುತ್ತಿದ್ದೆವು. ಬಿಳಿ ಕೂದಲಿಗೆ ಬಣ್ಣ ಹಾಕದ, ಕಿವಿಗೆ ಎರಡು ಕಾಳಿನಷ್ಟು ಓಲೆ ಬಿಟ್ಟರೆ ಮೈಮೇಲೆ ಬೇರೇನೂ ಹಾಕದ ಹೆಂಗಸು. ಕೆಳಗೆ ಬಂದವರು ನನಗೊಂದು ನಮಸ್ಕಾರ ಹೇಳಿ ನೇರ ಫ್ರಿಜ್ಜಿನ ಹತ್ತಿರ ಹೋಗುತ್ತಿದ್ದರು. ಬಾಗಿಲು ತೆಗೆದು, ಅವತ್ತಿನ ರೋಗಿಗೆಂದು ಹೆಸರು ಕಟ್ಟಿಟ್ಟ ರಕ್ತದ ಬ್ಯಾಗುಗಳನ್ನು ಒಂದೊಂದಾಗಿ ಮುಟ್ಟಿ, ಮೇಲಿನ ಚೀಟಿಯನ್ನು ಗಟ್ಟಿಯಾಗಿ ಓದುತ್ತಿದ್ದರು. ಗುಂಪು, ನಂಬರು, ತಾರೀಖು. ಆಮೇಲೆ ಬಾಗಿಲು ಮುಚ್ಚಿ, “ಎರಡಿದೆ. ಬರ್ತೀನಿ ರೀ” ಅಂದು ಹೊರಟರೆ ಮತ್ತೆ ಟಪ್, ಟಪಾರ್.

ಅವರು ಬರುವುದಕ್ಕೆ ಮುಂಚೆ ನನ್ನ ಕಾಲ ಹೇಗಿತ್ತು ಅನ್ನುವುದನ್ನು ಹೇಳದಿದ್ದರೆ ಈ ಉರಿ ಯಾರಿಗೂ ಅರ್ಥವಾಗುವುದಿಲ್ಲ.

ನಮ್ಮ ಕಡೆ ಒಂದು ಆಪರೇಷನ್ ಎಷ್ಟು ದೊಡ್ಡದು ಎಂದು ಜನ ಅಳೆಯುತ್ತಿದ್ದದ್ದು ರಕ್ತದ ಲೆಕ್ಕದಲ್ಲಿ. “ನಮ್ಮಪ್ಪಂಗೆ ಆರು ಬಾಟ್ಲು ಹಾಕಿದ್ರು” ಎಂದು ಬಸ್ ಸ್ಟ್ಯಾಂಡಿನಲ್ಲಿ ಹೆಮ್ಮೆಯಿಂದ ಹೇಳಿಕೊಳ್ಳುವುದನ್ನು ಕಿವಿಯಾರೆ ಕೇಳಿದ್ದೇನೆ. ಗಾಜಿನ ಬಾಟಲಿ ಹೋಗಿ ಪ್ಲಾಸ್ಟಿಕ್ ಬ್ಯಾಗು ಬಂದು ಎಷ್ಟೋ ಕಾಲವಾಯಿತು, ಜನರ ಬಾಯಲ್ಲಿ ಅದು ಬಾಟ್ಲೇ. ಬೆಂಗಳೂರಿನಿಂದ ವಾರಕ್ಕೊಮ್ಮೆ ಬರುವ ಸರ್ಜನ್ನರು ಲಿವರಿನ ಗಡ್ಡೆ ತೆಗೆಯುತ್ತಾರೆ ಎಂದರೆ ಆರು ಬ್ಯಾಗು ರೆಡಿ ಇಡಿ ಎಂದು ಚೀಟಿ ಬರುತ್ತಿತ್ತು. ಹಿಂದಿನ ದಿನವೇ ಟೆಂಪೋ ಮಾಡಿಕೊಂಡು ನೆಂಟರು ಬರುತ್ತಿದ್ದರು. ನನ್ನ ಮುಂದೆ ಕೈ ಕಟ್ಟಿ ನಿಲ್ಲುತ್ತಿದ್ದರು. ಗುಬ್ಬಿಯಲ್ಲಿ, ಕುಣಿಗಲ್‌ನಲ್ಲಿ, ನನ್ನೂರು ಬೆಳ್ಳಾವಿಯಲ್ಲಿ ರಕ್ತದಾನ ಶಿಬಿರವಾದರೆ ವೇದಿಕೆಯ ಮೇಲೆ ನನಗೊಂದು ಕುರ್ಚಿ, ಒಂದು ಶಾಲು. ರೋಗಿ ಉಳಿದರೆ ಮೊದಲು ಸರ್ಜನ್ನರಿಗೆ ಕೈ ಮುಗಿಯುತ್ತಿದ್ದರು, ಎರಡನೆಯದು ನನಗೆ. ಎರಡನೆಯ ನಮಸ್ಕಾರವೇನೂ ಕಡಿಮೆಯದಲ್ಲ.

ಇದರಲ್ಲಿ ಒಂದು ಒಳಗುಟ್ಟಿತ್ತು. ಡಾಕ್ಟರುಗಳು ಬೇಕಾದದ್ದಕ್ಕಿಂತ ಯಾವಾಗಲೂ ಜಾಸ್ತಿ ಬರೆಯುತ್ತಿದ್ದರು, ನಾವು ಅದರ ಅರ್ಧ ಮಾತ್ರ ತೆಗೆದಿಡುತ್ತಿದ್ದೆವು. ಆರು ಅಂದರೆ ಮೂರು. ನಾಲ್ಕು ಅಂದರೆ ಎರಡು. ಅವರಿಗೂ ಗೊತ್ತು, ನಮಗೂ ಗೊತ್ತು. ಯಾರೂ ಬಾಯಿಬಿಟ್ಟು ಹೇಳಿಕೊಂಡಿರಲಿಲ್ಲ, ಆದರೂ ಹದಿನೆಂಟು ವರ್ಷ ಇದು ನಿಯಮದ ಹಾಗೆ ನಡೆದುಕೊಂಡು ಬಂದಿತ್ತು.

ಹೀಗಿರುವಾಗ ಇವರು ಬಂದರು. ಹುಟ್ಟಿದ್ದು ಇಲ್ಲೇ ಹತ್ತಿರದ ಕಡಬ, ಮದುವೆಯಾಗಿ ಬಂದ ಮನೆ ಗುಬ್ಬಿ. ಮಧ್ಯದಲ್ಲಿ ಜಪಾನಂತೆ, ಇಂಗ್ಲೆಂಡಂತೆ, ಮಸ್ಕತ್ತಂತೆ. ನಾನು ತರಬೇತಿಗೆಂದು ಹೋದ ಅತಿ ದೂರದ ಊರು ಬೆಂಗಳೂರು, ಅದೂ ಹದಿನೈದು ದಿನ. ಅವರು ಸೇರಿದ ಮೇಲೆ ಮೊದಲ ಲಿವರ್ ಆಪರೇಷನ್ನಿಗೆ ಚೀಟಿ ಬಂತು. ಎರಡು ಬ್ಯಾಗು ಅಂತಿತ್ತು. ಬರೆಯುವಾಗ ಒಂದು ಸೊನ್ನೆಯೋ ಏನೋ ಬಿಟ್ಟುಹೋಗಿರಬೇಕು ಎಂದು ನಾವು ನಕ್ಕೆವು. ಸಂಜೆ ಎರಡೂ ಬ್ಯಾಗು ಹಾಗೇ ವಾಪಸ್ ಬಂದವು. ಸೀಲು ಕೂಡ ಒಡೆದಿರಲಿಲ್ಲ.

ಮುಂದಿನ ಸಲವೂ ವಾಪಸ್. ಅದರ ಮುಂದಿನ ಸಲ ಒಂದು ಹೋಯಿತು, ಒಂದು ವಾಪಸ್. ಐಸ್ ಪೆಟ್ಟಿಗೆಯಿಂದ ಅವನ್ನು ತೆಗೆದು ಮತ್ತೆ ಫ್ರಿಜ್ಜಿನೊಳಗಿಡುವಾಗ ನನಗಾಗುತ್ತಿದ್ದ ಅವಮಾನವನ್ನು ಹೇಗೆ ಹೇಳಲಿ! ಮದುವೆ ಊಟಕ್ಕೆಂದು ಮಾಡಿದ ಪಾಯಸವನ್ನು ಬೀಗರು ಮುಟ್ಟದೆ ಎದ್ದುಹೋದರೆ ಅಡಿಗೆಯವನಿಗೆ ಹೇಗಾಗುತ್ತದೋ ಹಾಗೆ. ರಕ್ತ ಹಾಕದೆ ರೋಗಿ ಚೆನ್ನಾಗಿದ್ದಾನೆ ಎಂದರೆ ಸಂತೋಷಪಡಬೇಕು ಅನ್ನುವುದು ನನಗೂ ಗೊತ್ತಿತ್ತು. ಸಂತೋಷ ಬರುತ್ತಿರಲಿಲ್ಲ.

ಒಂದು ಸಲ ಸಿ.ಎಸ್. ಪುರದ ಕಡೆಯಿಂದ ಒಬ್ಬ ರೋಗಿಗೆ ಹನ್ನೊಂದು ಜನ ರಕ್ತ ಕೊಡಲು ಬಂದರು. ಅದೇ ಹೊತ್ತಿಗೆ ಈ ಮೇಡಂ ಕೆಳಗೆ ಬಂದವರು, ಇಷ್ಟೊಂದು ಬೇಕಾಗಲಿಕ್ಕಿಲ್ಲ ಎಂದುಬಿಟ್ಟರು. ಗುಂಪಿನ ಹಿರಿಯ, ರೋಗಿಯ ಅಣ್ಣ, ಟವೆಲ್ ಕೊಡವಿ ಎದ್ದು ನಿಂತ.

“ಏನವ್ವಾ, ನಮ್ ರಕ್ತ ಆಗಕಿಲ್ವಾ ನಿಮ್ಗೆ? ಹನ್ನೊಂದು ಜನ ಕೆಲ್ಸ ಬುಟ್ಟು ಬಂದಿದೀವಿ. ನನ್ ತಮ್ಮಂಗೆ ರಕ್ತಾನೇ ಹಾಕ್ದೆ ಅದೇನ್ ಆಪ್ರೇಸನ್ ಮಾಡೀರಿ?”

ನನಗೆ ಒಳಗೊಳಗೇ ಖುಷಿ. ಈಗ ಸಿಕ್ಕಿಬಿದ್ದರು ಎಂದುಕೊಂಡೆ. ಅವರು ಸಿಕ್ಕಿಬೀಳಲಿಲ್ಲ. ಅವನನ್ನು ಬೆಂಚಿನ ಮೇಲೆ ಕೂರಿಸಿ ತಾವೂ ಪಕ್ಕದಲ್ಲೇ ಕೂತರು.

“ಕಡಬದ ಕೆರೆ ನೋಡಿದೀರಾ ದೊಡ್ಡಪ್ಪಾ?”

“ನೋಡ್ದೆ ಏನು.”

“ಕೋಡಿ ಬೀಳೋ ಹಂಗೆ ತುಂಬಿರೋವಾಗ ಏರಿ ಒಂದು ಗೇಣು ಬಿಟ್ರೆ ಏನಾಗತ್ತೆ?”

“ಕೆಳಗಿನ ಗದ್ದೆಯೆಲ್ಲ ಕೊಚ್ಕೊಂಡೋಯ್ತದೆ.”

“ನೀರು ಕೆಳಗಿದ್ರೆ?”

“ಒಸರ್ತದೆ. ಮಣ್ಣಾಕಿ ಮುಚ್ಬೋದು.”

“ಅಷ್ಟೇ ನನ್ನ ಕೆಲಸ. ಸರ್ಜನ್ನು ಲಿವರ್ ಕುಯ್ಯೋ ತನಕ ಮೈಯೊಳಗಿನ ಕೆರೆ ತುಂಬದಂಗೆ ನೋಡ್ಕೋತೀನಿ, ಸಲೈನ್ ಬಿಗಿ ಹಿಡೀತೀನಿ. ಕುಯ್ದು ಮುಗಿದ್ಮೇಲೆ ತುಂಬಿಸ್ತೀನಿ. ನಿಮ್ಮ ತಮ್ಮನ ರಕ್ತ ಅವನ ಮೈಯಲ್ಲೇ ಉಳೀಲಿ. ನಿಮ್ಮದು ಕೊಡ್ಲೇಬೇಕು ಅಂತಿದ್ರೆ ಇವ್ರ ಹತ್ರ ಕೊಡಿ, ಇನ್ಯಾರ ಮನೆ ದೀಪಾನೋ ಉಳಿಯತ್ತೆ.”

ಆ ಹಿರಿಯ ಟವೆಲ್ಲನ್ನು ಮತ್ತೆ ಹೆಗಲಿಗೆ ಹಾಕಿಕೊಂಡ. “ನೀನು ನಮ್ ಕಡೆಯೋಳೇ ಬುಡು” ಅಂದ. ಹನ್ನೊಂದರಲ್ಲಿ ಏಳು ಜನ ಅವತ್ತು ಸಾಲಾಗಿ ಕೈ ಚಾಚಿ ಮಲಗಿದರು. ನನ್ನ ಫ್ರಿಜ್ಜು ತುಂಬಿತು. ನನ್ನ ಶಿಬಿರದಲ್ಲಿ ಮೈಕು ಹಿಡಿದು ಅರ್ಧ ಗಂಟೆ ಭಾಷಣ ಮಾಡಿದರೂ ಅಷ್ಟು ಬೇಗ ಏಳು ಜನ ಏಳುತ್ತಿರಲಿಲ್ಲ. ರೋಗಿ ಮನೆಗೆ ಹೋದ ಮೇಲೆ ಅವರ ಕಡೆಯಿಂದ ಎರಡು ಗೊನೆ ಎಳನೀರು ಬಂತು, ಮೇಡಂಗೆ ಅಂತ. ಅವರು ಒಂದು ಗೊನೆಯನ್ನು ನಮ್ಮ ನೆಲಮಾಳಿಗೆಗೆ ಕಳಿಸಿದರು. ನಾನು ಮುಟ್ಟಲಿಲ್ಲ. ಎಲ್ಲರೂ ಊಟಕ್ಕೆ ಹೋದಾಗ ಒಂದನ್ನು ಕೊಚ್ಚಿಕೊಂಡು ಕುಡಿದೆ, ರುಚಿಯಾಗಿತ್ತು, ಅದಕ್ಕೂ ಸಿಟ್ಟು ಬಂತು.

ಮನೆಯಲ್ಲಿ ಇದನ್ನೆಲ್ಲ ಹೇಳಿಕೊಂಡು ಕೂಗಾಡುತ್ತಿದ್ದೆ. ಜಪಾನಿನ ಬುದ್ಧಿಯನ್ನು ತುಮಕೂರಿನಲ್ಲಿ ತೋರಿಸುತ್ತಾರೆ, ಒಂದು ದಿನ ಗೊತ್ತಾಗುತ್ತದೆ ಎನ್ನುತ್ತಿದ್ದೆ. ನನ್ನ ಹೆಂಡತಿ ಮುದ್ದೆ ತಿರುವುತ್ತಾ, ತಲೆ ಎತ್ತದೆ, “ನಿಮ್ಗೆ ಹೊಟ್ಟೆಕಿಚ್ಚು ಕಣ್ರೀ” ಅಂದಳು. ನಾನು ತಟ್ಟೆ ಬಿಟ್ಟು ಎದ್ದೆ. ಕೆಲಸದ ಮೇಲಿನ ಕಾಳಜಿ ಇವಳಿಗೇನು ಗೊತ್ತು ಎಂದು ಎರಡು ದಿನ ಮಾತು ಬಿಟ್ಟೆ.

ಮೇಡಂ ಹತ್ತಿರ ಒಂದು ಉದ್ದನೆಯ ನೋಟ್‌ಬುಕ್ಕಿತ್ತು. ಶಾಲೆಯ ಹುಡುಗರ ಪುಸ್ತಕದ ಹಾಗೆ ಬ್ರೌನ್ ಪೇಪರಿನ ಹೊದಿಕೆ. ಒಂದು ದಿನ ನಮ್ಮಲ್ಲಿ ಟೀ ಕುಡಿಯುತ್ತಾ ಅದನ್ನು ಬಿಡಿಸಿ ತೋರಿಸಿದರು. ತಾವು ಮತ್ತು ಕೊಟ್ಟ ಒಂದೊಂದು ಲಿವರ್ ಆಪರೇಷನ್ನಿಗೂ ಒಂದೊಂದು ಸಾಲು. ರೋಗಿಯ ಹೆಸರಿಲ್ಲ. ತಾರೀಖು, ಊರು, ಕೇಳಿದ ರಕ್ತ, ಹಾಕಿದ ರಕ್ತ. ಕೊನೆಯ ಕಾಲಮ್ಮಿಗೆ ‘ಯಾಕೆ’ ಎಂದು ತಲೆಬರಹ. ಎಲ್ಲವೂ ಕನ್ನಡದಲ್ಲಿ, ಜಪಾನಿನಲ್ಲಿ ಬರೆದದ್ದೂ.

“ಅಲ್ಲಿ ಯಾರಿಗೂ ಓದೋಕೆ ಬರಲ್ವಲ್ಲ, ನಿಜ ಬರೀಬೋದಿತ್ತು” ಎಂದು ನಕ್ಕರು.

ಓದಿ ನೋಡಿದೆ. ‘ದೊಡ್ಡ ನಾಳ ಹರಿಯಿತು’ ಎಂದು ಕೆಲವು ಕಡೆ. ಅದು ಸರಿ. ಆದರೆ ಮಿಕ್ಕ ಕಡೆಯೆಲ್ಲ ಬೇರೆ ಬೇರೆ. ‘ಸರ್ಜನ್ನರಿಗೆ ಹೆದರಿಕೆ’. ‘ನನಗೆ ಹೆದರಿಕೆ’. ‘ತಂದಾಗಿತ್ತು, ವಾಪಸ್ ಕಳಿಸಲು ಸಂಕೋಚ’. ‘ದೊಡ್ಡ ಡಾಕ್ಟರು ನೋಡುತ್ತಿದ್ದರು’. ‘ಇಲ್ಲಿ ಹೀಗೇ’.

“ಜಪಾನಲ್ಲಿ ನಾನಿದ್ದ ಕಡೆ ಕೆಂಪು ರಕ್ತ ಹಾಕ್ಬೇಕಾಗಿ ಬಂದ್ರೆ ಸರ್ಜನ್ನಿಗೆ ಮುಖ ಇರ್ತಿರ್ಲಿಲ್ಲ. ಆದ್ರೆ ಪ್ಲಾಸ್ಮಾ ಮಾತ್ರ ಧಾರಾಳವಾಗಿ ಹಾಕೋರು. ಇಂಗ್ಲೆಂಡಲ್ಲಿ ಒಂದು ನಂಬರ್ ಇಟ್ಕೊಂಡಿದ್ರು, ಹಿಮೋಗ್ಲೋಬಿನ್ ಅದಕ್ಕಿಂತ ಕೆಳಗೆ ಹೋಗೋ ತನಕ ಕಾಯೋರು. ಮಸ್ಕತ್ತಲ್ಲಿ ನಮ್ಮ ಯೂನಿಟ್ಟಲ್ಲಿ ರೋಗಿ ತುಟಿ ಸ್ವಲ್ಪ ಬಿಳುಚಿದ್ರೆ ಸಾಕು, ಹಾಕಿ ಅನ್ನೋರು. ಇಲ್ಲಿ ನಿಮ್ಮ ಟೆಂಪೋ ನೆಂಟರ ಲೆಕ್ಕ.”

“ಜನ ಬೇರೆ ಅಲ್ವಾ ಮೇಡಂ, ಅದಕ್ಕಿರ್ಬೋದು” ಅಂದೆ.

“ಜನ ಬೇರೆ ರೀ. ಲಿವರ್ ಒಂದೇ, ಗಡ್ಡೆ ಒಂದೇ, ಕತ್ತರೀನೂ ಒಂದೇ ಕಂಪನೀದು. ದೇಶ ದೇಶಕ್ಕೆ ಬದಲಾಗೋದು ಈ ಕೊನೇ ಕಾಲಮ್ಮು.”

ಆಮೇಲೆ ನಮ್ಮ ಹಳೆಯ ರಿಜಿಸ್ಟರ್ ಕೇಳಿ ನೋಡಿದರು. “ಇಲ್ಲಿ ಕೇಳಿರೋದು ಆರು, ಇಟ್ಟಿರೋದು ಮೂರು. ಯಾಕೆ?” ನಾನು ಒಳಗುಟ್ಟು ಹೇಳಿದೆ. ಅವರಿಗೆ ನಗು ತಡೆಯಲಾಗಲಿಲ್ಲ. ನಕ್ಕು ಮುಗಿಸಿ, ಗಂಭೀರವಾಗಿ, “ನನ್ನದನ್ನ ಅರ್ಧ ಮಾಡ್ಬೇಡಿ ಮತ್ತೆ. ನಾನು ಎರಡು ಅಂದ್ರೆ ಎರಡೇ” ಅಂದರು. ಬೆಳಿಗ್ಗೆ ಏಳಕ್ಕೆ ಬಂದು ಬ್ಯಾಗು ಮುಟ್ಟಿ ನೋಡುವ ಪದ್ಧತಿ ಶುರುವಾದದ್ದು ಅಲ್ಲಿಂದಲೇ.

ಅದು ನನಗೆ ಚುಚ್ಚಿದ ಹಾಗೆ ಬೇರೇನೂ ಚುಚ್ಚಲಿಲ್ಲ. ಹದಿನೆಂಟು ವರ್ಷ ನನ್ನ ಫ್ರಿಜ್ಜಿನ ಬಾಗಿಲನ್ನು ನಾನು ಹೇಳದೆ ಯಾರೂ ತೆಗೆದವರಲ್ಲ. ಸುಮಾರು ಒಂದು ವರ್ಷ ಸಹಿಸಿಕೊಂಡೆ. ಒಂದು ಬೆಳಿಗ್ಗೆ ನಮ್ಮ ಸ್ಟಾಫಿನ ಇಬ್ಬರು ಎದುರಿಗಿದ್ದರು. ಅವರು ಬಾಗಿಲ ಹಿಡಿಗೆ ಕೈ ಹಾಕಿದರು, ನನ್ನ ಬಾಯಿ ತಾನಾಗಿ ತೆರೆಯಿತು.

“ನನ್ ಮೇಲೆ ನಂಬಿಕೆ ಇಲ್ವಾ ಮೇಡಂ? ಕಳ್ಳನ್ನ ನೋಡ್ದಂಗೆ ದಿನಾ ಬಂದು ನೋಡ್ತೀರಲ್ಲ, ನಾನೇನು ರಕ್ತ ಮನೆಗೆ ಹೊತ್ಕೊಂಡು ಹೋಗ್ತೀನಾ?”

ಅವರು ಹಿಡಿಯಿಂದ ಕೈ ತೆಗೆದರು. ಕೋಪ ಮಾಡಿಕೊಳ್ಳುತ್ತಾರೆ, ಮೇಲೆ ದೂರು ಕೊಡುತ್ತಾರೆ, ಆಗ ನಾನೂ ನಾಲ್ಕು ಮಾತು ಆಡಬಹುದು ಎಂದು ಕಾದೆ.

“ನಿಮ್ಗೆ ಹಂಗನ್ಸುತ್ತೆ ಅಂತ ನಾನು ಯೋಚ್ನೇನೇ ಮಾಡಿರ್ಲಿಲ್ಲ. ತಪ್ಪಾಯ್ತು ರೀ. ಇನ್ನು ಬರಲ್ಲ. ಫೋನಲ್ಲಿ ಇದೆ ಅಂತ ನೀವಂದ್ರೆ ಸಾಕು.”

ಅಷ್ಟೇ. ಟಪ್, ಟಪಾರ್, ಮೆಟ್ಟಿಲು ಹತ್ತಿ ಹೋದರು. ಗೆದ್ದೆ ಎಂದುಕೊಂಡೆ. ಸ್ಟಾಫಿನವರು ನನ್ನ ಮುಖ ನೋಡದೆ ತಮ್ಮ ಕೆಲಸಕ್ಕೆ ಹೋದರು.

ಅದಾದ ಮೇಲಿನ ಮೊದಲ ಲಿವರ್ ಆಪರೇಷನ್ ಕುಣಿಗಲ್‌ನ ಒಬ್ಬ ಟೈಲರಿನದು. ನಲವತ್ತು ದಾಟದ ಮನುಷ್ಯ, ಬಸ್ ಸ್ಟ್ಯಾಂಡಿನ ಹಿಂದೆ ಪುಟ್ಟ ಅಂಗಡಿ, ಹೆಂಡತಿಯೂ ಅಲ್ಲೇ ಕೂತು ಕಾಜಾ ಹಾಕುತ್ತಿದ್ದಳು. ಅವನ ಗುಂಪು ಬಿ ನೆಗೆಟಿವ್, ಸುಲಭಕ್ಕೆ ಸಿಗದ್ದು. ನಮ್ಮಲ್ಲಿದ್ದದ್ದು ಸರಿಯಾಗಿ ಎರಡು ಬ್ಯಾಗು. ಎರಡಕ್ಕೂ ಅವನ ಹೆಸರು ಕಟ್ಟಿಟ್ಟಿದ್ದೆ. ಏಳಕ್ಕೆ ಫೋನು ಬಂತು.

“ಎರಡು ಇದೆಯಲ್ಲಾ ರೀ?”

“ಇದೆ ಮೇಡಂ.”

ಆ ಹೊತ್ತಿಗೆ ಅದು ಸತ್ಯ. ಎಂಟೂವರೆಯ ಹೊತ್ತಿಗೆ ಮೂಳೆ ವಾರ್ಡಿನಿಂದ ಸಿಸ್ಟರ್ ಬಂದರು. ಸೊಂಟದ ಆಪರೇಷನ್ ಆಗಿದ್ದ ಒಬ್ಬ ಅಜ್ಜಿಗೆ ಬಿ ನೆಗೆಟಿವ್ ಒಂದು ಬೇಕಿತ್ತು. ಅವಸರವೇನಿಲ್ಲ, ನಾಳೆ ಆದರೂ ನಡೆಯುತ್ತದೆ ಎಂದು ಅವರೇ ಹೇಳಿದರು. ನಾಳೆ ಬನ್ನಿ ಎನ್ನಬೇಕಾಗಿತ್ತು. ನಾನು ಫ್ರಿಜ್ಜು ತೆಗೆದು, ಟೈಲರಿನ ಹೆಸರು ಕಟ್ಟಿದ್ದ ಎರಡರಲ್ಲಿ ಒಂದನ್ನು ಎತ್ತಿಕೊಂಡು, ಚೀಟಿ ಬಿಚ್ಚಿದೆ. ಅಜ್ಜಿಯ ರಕ್ತಕ್ಕೆ ಹೊಂದುತ್ತದೆಯೇ ಎಂದು ಪರೀಕ್ಷೆ ಮಾಡಿ ಕೊಟ್ಟು ಕಳಿಸಿದೆ.

ಆಗ ನನ್ನ ತಲೆಯಲ್ಲಿ ಓಡುತ್ತಿದ್ದದ್ದನ್ನು ಈಗ ಹೇಳುತ್ತೇನೆ. ಹೇಗೂ ವಾಪಸ್ ಬರುತ್ತದೆ ಅನ್ನುವುದು ಒಂದು. ಅದನ್ನಷ್ಟೇ ಎಲ್ಲರಿಗೂ ಹೇಳಿಕೊಂಡು ಬಂದೆ. ಅದರ ಕೆಳಗೆ ಇನ್ನೊಂದಿತ್ತು. ಒಂದು ಸಲವಾದರೂ ಇವರು ಮೇಲಿನಿಂದ ಫೋನ್ ಮಾಡಿ, ಗಂಟಲು ನಡುಗಿಸಿ, ನನ್ನ ಹತ್ತಿರ ರಕ್ತ ಕೇಳಲಿ.

ಹನ್ನೊಂದೂವರೆಗೆ ಫೋನು ಬಂತು. ಮೊದಲನೆಯ ಬ್ಯಾಗು ಕಳಿಸಿ ಎಂದರು. ಓಡಿಸಿದೆ. ಹತ್ತು ನಿಮಿಷವಾಗಿರಲಿಲ್ಲ, ಮತ್ತೆ ಫೋನು.

“ಎರಡನೇದೂ ಕಳ್ಸಿ.”

ಗಂಟಲು ನಡುಗುತ್ತಿರಲಿಲ್ಲ. ನಡುಗಿದ್ದು ನನ್ನದು. “ಮೇಡಂ, ಎರಡನೇದು ಇಲ್ಲ.”

ಆ ಕಡೆ ಮಿಷನ್ನು ಕುಯ್ ಕುಯ್ ಅನ್ನುತ್ತಿತ್ತು. “ಓ ನೆಗೆಟಿವ್?” ಅಂದರು, ಯಾರಿಗಾದರೂ ಹಾಕಬಹುದಾದ ಗುಂಪು ಅದು.

“ಅದೂ ಇಲ್ಲ.”

“ಎಷ್ಟೊತ್ತಾಗತ್ತೆ?”

“ಅರ್ಧ ಗಂಟೆ.”

“ಅರ್ಧ ಗಂಟೆ ನಾನು ಹಿಡ್ಕೋತೀನಿ. ನೀವು ಓಡಿ.”

ರೋಗಿಯ ಸ್ಯಾಂಪಲ್ ಟ್ಯೂಬನ್ನು ಜೇಬಿಗೆ ಹಾಕಿ, ಐಸ್ ಪೆಟ್ಟಿಗೆಯನ್ನು ಸ್ಕೂಟರಿನ ಕಾಲಡಿಗಿಟ್ಟುಕೊಂಡು ಹೊರಟೆ. ಊರಿನ ಆ ತುದಿಯಲ್ಲಿ ಇನ್ನೊಂದು ರಕ್ತನಿಧಿ. ಮಟಮಟ ಬಿಸಿಲು, ಬಿ.ಎಚ್. ರಸ್ತೆಯ ತುಂಬ ಬಸ್ಸುಗಳು. ಅಲ್ಲಿ ಹುಡುಕಿ, ಹೊಂದಾಣಿಕೆ ನೋಡಿ, ಸಹಿ ಹಾಕಿ ಕೊಡುವಷ್ಟರಲ್ಲಿ ನನ್ನ ಅಂಗಿ ಮೈಗಂಟಿತ್ತು. ವಾಪಸ್ ಬರುವಾಗ ಸಿಗ್ನಲ್ಲಿನಲ್ಲಿ ನಿಂತು ನಾನು ಬೇಡಿಕೊಂಡದ್ದು ಟೈಲರಿಗಾಗಿ ಎಂದು ಹೇಳಿದರೆ ಸುಳ್ಳಾದೀತು. ಸಾಯಬೇಡಪ್ಪಾ, ನನ್ನ ತಲೆಗೆ ಬರುತ್ತದೆ ಎಂದು ಬೇಡಿಕೊಂಡೆ. ಆಸ್ಪತ್ರೆ ಮುಟ್ಟಿದಾಗ ಐವತ್ತು ನಿಮಿಷವಾಗಿತ್ತು. ಥಿಯೇಟರಿನ ಬಾಗಿಲಲ್ಲಿ ಟೈಲರಿನ ಹೆಂಡತಿ ಗೋಡೆಗೊರಗಿ ಕೂತಿದ್ದಳು. ನನ್ನ ಕೈಯ ಪೆಟ್ಟಿಗೆ ನೋಡಿ ಎದ್ದು ಕೈ ಮುಗಿದಳು.

ಆ ಐವತ್ತು ನಿಮಿಷ ಸರ್ಜನ್ನರು ಹರಿದ ನಾಳವನ್ನು ಬೆರಳಲ್ಲಿ ಅದುಮಿ ನಿಂತಿದ್ದರಂತೆ. ಮೇಡಂ ಬೆಳಿಗ್ಗೆಯಿಂದ ಕೂತಿದ್ದ ಸ್ಟೂಲನ್ನು ಕಾಲಲ್ಲಿ ಆಚೆ ತಳ್ಳಿ, ರೋಗಿಯ ತಲೆಯ ಹತ್ತಿರ ನಿಂತು, ಒಂದು ಕಣ್ಣು ಪರದೆಯ ಮೇಲೆ, ಒಂದು ಕಣ್ಣು ಔಷಧಿಯ ಮೇಲೆ ಇಟ್ಟು, ಯಾರಿಗೂ ಏರುದನಿಯಲ್ಲಿ ಒಂದು ಮಾತಾಡಲಿಲ್ಲವಂತೆ. ಥಿಯೇಟರ್ ಸಿಸ್ಟರ್ ಆಮೇಲೆ ಹೇಳಿದರು. ಟೈಲರು ಉಳಿದ. ಆದರೆ ಅವನ ಮೂತ್ರಪಿಂಡಗಳು ಏಟು ತಿಂದಿದ್ದವು. ಒಂದು ವಾರ ಐಸಿಯುನಲ್ಲಿ ಅವನು ಆ ಕಡೆಯೋ ಈ ಕಡೆಯೋ ಎಂದು ಯಾರಿಗೂ ಗೊತ್ತಿರಲಿಲ್ಲ. ಆ ವಾರ ನಾನು ದಿನಕ್ಕೆ ಮೂರು ಸಲ ಐಸಿಯು ಬಾಗಿಲಿಗೆ ಹೋಗಿ, ಒಳಗೆ ಇಣುಕಿ, ಏನೂ ಕೆಲಸವಿಲ್ಲದವನ ಹಾಗೆ ವಾಪಸ್ ಬರುತ್ತಿದ್ದೆ.

ಮೇಲಿನವರು ಮೀಟಿಂಗ್ ಕರೆದರು. ಎರಡನೆಯ ಬ್ಯಾಗು ಯಾಕಿರಲಿಲ್ಲ ಎಂಬ ಪ್ರಶ್ನೆ. ನಾನು ಬೆವರುತ್ತಾ ಕೂತಿದ್ದೆ, ರಿಜಿಸ್ಟರು ತೊಡೆಯ ಮೇಲಿತ್ತು. ನನ್ನ ಸರದಿ ಬರುವ ಮೊದಲೇ ಅವರು ಮಾತಾಡಿದರು.

“ಆಪರೇಷನ್ ದಿನ ಬೆಳಿಗ್ಗೆ ಕೆಳಗೆ ಹೋಗಿ ಬ್ಯಾಗು ನೋಡೋದು ನನ್ನ ಪದ್ಧತಿ. ಅವತ್ತು ನಾನು ಹೋಗ್ಲಿಲ್ಲ. ತಪ್ಪು ನಂದು.”

ಅವರು ಹೋಗಿ ನೋಡಿದ್ದರೂ ಏಳು ಗಂಟೆಗೆ ಎರಡು ಬ್ಯಾಗೂ ಅಲ್ಲೇ ಇರುತ್ತಿದ್ದವು. ಅದು ಗೊತ್ತಿದ್ದವನು ಆ ಕೋಣೆಯಲ್ಲಿ ನಾನೊಬ್ಬನೇ. ಎದ್ದು ನಿಂತು ಒಂದು ವಾಕ್ಯ ಹೇಳಿದ್ದರೆ ಸಾಕಿತ್ತು. ಹೇಳಲಿಲ್ಲ. ಕೆಲಸ ಹೋದೀತು ಎಂಬ ಭಯ ಇತ್ತು, ಒಪ್ಪುತ್ತೇನೆ. ಆದರೆ ಅವತ್ತು ಭಯಕ್ಕಿಂತ ಜಾಸ್ತಿ ಇದ್ದದ್ದು ಬೇರೆ. ತಪ್ಪು ಒಪ್ಪಿಕೊಂಡದ್ದಕ್ಕೆ ಸರ್ಜನ್ನರಿಂದ ಹಿಡಿದು ಆಡಳಿತದವರವರೆಗೆ ಎಲ್ಲರೂ ಅವರನ್ನು ಇನ್ನಷ್ಟು ಗೌರವದಿಂದ ನೋಡುತ್ತಿದ್ದರು. ನನ್ನ ತಪ್ಪನ್ನೂ ಇವರೇ ಹೊಡೆದುಕೊಂಡು ದೊಡ್ಡವರಾದರಲ್ಲ ಎಂದು ನನಗೆ ಉರಿಯಿತು. ಇಂಥ ಮನುಷ್ಯ ನಾನು.

ಮೂರು ತಿಂಗಳಾದ ಮೇಲೆ ಟೈಲರು ನೆಲಮಾಳಿಗೆಗೆ ಇಳಿದು ಬಂದ. ತೆಳ್ಳಗಾಗಿದ್ದ. ಕೈಯಲ್ಲೊಂದು ಪ್ಯಾಕೆಟ್ಟು, ಒಳಗೆ ತಿಳಿನೀಲಿ ಅರ್ಧ ತೋಳಿನ ಶರ್ಟು.

“ಬಿಸ್ಲಲ್ಲಿ ಓಡೋಗಿ ರಕ್ತ ತಂದ್ರಂತೆ ಸಾರ್. ಮೇಡಂ ಹೇಳಿದ್ರು. ನೀವಿಲ್ದಿದ್ರೆ ನಾನಿರ್ತಿರ್ಲಿಲ್ಲ ಅಂದ್ರು.”

ಆ ಶರ್ಟನ್ನು ಬೀರುವಿನ ತಳಕ್ಕೆ ಹಾಕಿದೆ. ಹೆಂಡತಿ ಕೇಳಿದಳು, ಬಣ್ಣ ಹಿಡಿಸಲಿಲ್ಲ ಎಂದೆ.

ನಮ್ಮಿಬ್ಬರ ನಡುವೆ ಆ ವಿಷಯ ಮತ್ತೆ ಬರಲಿಲ್ಲ. ಅವರು ಕೆಳಗಿಳಿದು ಬರುವುದನ್ನೂ ಮತ್ತೆ ಶುರು ಮಾಡಲಿಲ್ಲ. ಪ್ರತಿ ಸಲ ಫೋನು, “ಎರಡು ಇದೆಯಲ್ಲಾ ರೀ?” ಎಂಬ ಅದೇ ಪ್ರಶ್ನೆ. ದನಿಯಲ್ಲಿ ಅನುಮಾನ ಒಂದು ಚೂರಾದರೂ ಇರಲಿ ಎಂದು ಕಿವಿಗೊಟ್ಟು ಹುಡುಕುತ್ತಿದ್ದೆ. ಸಿಗಲಿಲ್ಲ. ಏಳು ಗಂಟೆಯ ಆ ಚಪ್ಪಲಿ ಸದ್ದಿಲ್ಲದೆ ನೆಲಮಾಳಿಗೆಯಲ್ಲಿ ಕೂರುವುದು ಕಷ್ಟವಾಗತೊಡಗಿತು. ಕೊನೆಗೊಂದು ದಿನ ನಾನೇ ಬ್ಯಾಗುಗಳನ್ನು ಪೆಟ್ಟಿಗೆಯಲ್ಲಿಟ್ಟುಕೊಂಡು ಥಿಯೇಟರಿನ ಬಾಗಿಲಿಗೆ ಹೋದೆ. ಮುಟ್ಟಿ ನೋಡಿ ಮೇಡಂ ಎಂದೆ. ಅವರು ಮುಟ್ಟಿದರು, ಚೀಟಿಯನ್ನು ಗಟ್ಟಿಯಾಗಿ ಓದಿದರು. ಅಲ್ಲಿಂದಾಚೆಗೆ ಅದು ನನ್ನ ಪದ್ಧತಿಯಾಯಿತು.

ಹೋದ ವರ್ಷ ಅವರಿಗೇ ಕಾಯಿಲೆ ಬಂತು. ಏನು ಕಾಯಿಲೆ ಎಂದು ನಮಗೆ ಹೇಳಲಿಲ್ಲ. ಮೂರು ದೇಶದ ಆಸ್ಪತ್ರೆಗಳನ್ನು ನೋಡಿದವರಿಗೆ ತಮ್ಮ ಕಾಯಿಲೆಯ ಕೊನೆ ಗೊತ್ತಿದ್ದಿರಬೇಕು. ಕೆಲಸ ಬಿಡುವ ದಿನ ನಿಧಾನವಾಗಿ, ಮೆಟ್ಟಿಲಿನ ಕಂಬಿ ಹಿಡಿದುಕೊಂಡು ಕೆಳಗಿಳಿದು ಬಂದರು. ಕಾಲಲ್ಲಿ ಅವೇ ಚಪ್ಪಲಿ. ಬ್ರೌನ್ ಪೇಪರಿನ ನೋಟ್‌ಬುಕ್ಕನ್ನು ನನ್ನ ಮೇಜಿನ ಮೇಲಿಟ್ಟರು.

“ಇದು ನಿಮ್ಮ ಹತ್ರ ಇರ್ಲಿ. ಒಂದು ಸಾಲಲ್ಲಿ ಕೊನೇ ಕಾಲಮ್ಮು ಖಾಲಿ ಇದೆ, ತುಂಬ್ಬಿಡಿ.”

ಯಾವ ಸಾಲು ಎಂದು ಕೇಳಲಿಲ್ಲ. ಅವರು ಕುರ್ಚಿಯಲ್ಲಿ ಕೂತು ಉಸಿರು ತೆಗೆದುಕೊಂಡರು.

“ಅವತ್ತು ಬೆಳಿಗ್ಗೆ ಒಂಬತ್ತು ಗಂಟೆ ಹತ್ತು ನಿಮಿಷಕ್ಕೆ ಒಂದು ಬ್ಯಾಗು ಮೂಳೆ ವಾರ್ಡಿಗೆ ಹೋಗಿದೆ. ರಿಜಿಸ್ಟರು ನಾನೂ ನೋಡಿದೀನಿ ರೀ, ಮೀಟಿಂಗಿನ ಮಾರನೇ ದಿನಾನೇ. ಯಾಕೆ ಅನ್ನೋದು ನಂಗೊತ್ತಿಲ್ಲ. ಊಹೆ ಮಾಡಿ ನಾನು ಯಾವತ್ತೂ ಬರೆದಿಲ್ಲ.”

“ಮತ್ತೆ ಯಾಕೆ ಹೇಳ್ಲಿಲ್ಲ ಮೇಡಂ, ಯಾರಿಗೂ?”

“ನೀವು ಹೇಳ್ತೀರಿ ಅಂತ ಕಾದೆ. ಆಮೇಲೆ ನೀವು ಬ್ಯಾಗು ಹೊತ್ಕೊಂಡು ಮೇಲೆ ಬಂದ್ರಲ್ಲ, ಸಾಕು ಅನ್ನಿಸ್ತು.”

ಅವರು ತೀರಿಕೊಂಡ ಸುದ್ದಿ ಬಂದಾಗ ಗುಬ್ಬಿಗೆ ಹೋದೆ. ಮನೆಯ ಮುಂದೆ, ಬೀದಿ ತಿರುವಿನವರೆಗೆ ಜನ. ಸಿ.ಎಸ್. ಪುರದ ಆ ಹಿರಿಯ ಟವೆಲ್ಲಿನಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದ. ಕಡಬದವರು ಇಡೀ ಬೀದಿಯೇ ಎದ್ದು ಬಂದ ಹಾಗೆ ಬಂದಿದ್ದರು. ನಾನು ಸತ್ತರೆ ಇದರಲ್ಲಿ ಅರ್ಧವಾದರೂ ಬರುತ್ತಾರಾ ಎಂದು ಸಾವಿನ ಮನೆಯಲ್ಲಿ ನಿಂತು ತಲೆ ಎಣಿಸಿದೆ. ಬಾಗಿಲ ಪಕ್ಕದಲ್ಲಿ ನೀಲಿ ಬಾರಿನ ಒಂದು, ಬಿಳಿ ಬಾರಿನ ಒಂದು ಚಪ್ಪಲಿ ಹಾಗೇ ಇದ್ದವು. ಎಣಿಕೆ ತಪ್ಪಿತು.

ಟೈಲರು ಗುಂಪಿನಿಂದ ಬಂದು ನನ್ನ ಪಕ್ಕದಲ್ಲಿ ನಿಂತ. ಮೆಲ್ಲಗೆ, “ಆ ಶರ್ಟು ನೀವು ಹಾಕ್ಕೊಂಡಿದ್ದೇ ನೋಡ್ಲಿಲ್ಲ ಸಾರ್. ಸರಿಯಾಗ್ಲಿಲ್ವಾ? ಕೊಡಿ, ಬಿಚ್ಚಿ ಸರಿ ಮಾಡ್ಕೊಡ್ತೀನಿ” ಅಂದ.

ಅಲ್ಲೇ, ಚಪ್ಪರದ ಕಂಬ ಹಿಡಿದು, ಮೂಳೆ ವಾರ್ಡಿಗೆ ಹೋದ ಬ್ಯಾಗಿನ ವಿಷಯವನ್ನು ಅವನಿಗೆ ಹೇಳಿದೆ. ಅವನು ನನ್ನ ಮುಖ ನೋಡಲಿಲ್ಲ, ಒಳಗೆ ಮಲಗಿಸಿದ್ದವರ ಕಡೆ ನೋಡಿದ. “ಮೇಡಂಗೆ ಗೊತ್ತಿತ್ತಾ?” ಎಂದು ಕೇಳಿದ. ಗೊತ್ತಿತ್ತು ಎಂದೆ. ಹೋಗಿ ಹೆಣಕ್ಕೆ ಹೂವು ಹಾಕುವವರ ಸಾಲಿನಲ್ಲಿ ನಿಂತುಕೊಂಡ.

ಮನೆಗೆ ಬಂದು ಸ್ನಾನ ಮಾಡಿ ನೋಟ್‌ಬುಕ್ ತೆಗೆದೆ. ಆ ಸಾಲು ಹುಡುಕುವುದು ಕಷ್ಟವಾಗಲಿಲ್ಲ. ಊರು: ತುಮಕೂರು. ಕೇಳಿದ್ದು: ಎರಡು. ಅದರ ಪಕ್ಕದಲ್ಲಿ ಸಣ್ಣಗೆ, ಹೊತ್ತಿಗೆ ಸಿಕ್ಕಿದ್ದು ಒಂದು. ಯಾಕೆ ಅನ್ನುವಲ್ಲಿ ಖಾಲಿ. ಅದರ ಹಿಂದಿನ ಪುಟಗಳಲ್ಲಿ ಜಪಾನಿನವರ ನಾಚಿಕೆ, ಮಸ್ಕತ್ತಿನವರ ಹೆದರಿಕೆ, ಅವರ ಸ್ವಂತ ಹೆದರಿಕೆ, ಎಲ್ಲವೂ ಚುಟುಕಾಗಿ ಇದ್ದವು. ಪೆನ್ಸಿಲ್ಲಿನಲ್ಲಿ ‘ಅಭ್ಯಾಸ’ ಎಂದು ಬರೆದೆ. ಅಳಿಸಿದೆ. ‘ವಾಪಸ್ ಬರುತ್ತದೆಂಬ ಅಂದಾಜು’ ಎಂದು ಬರೆದೆ. ಅದನ್ನೂ ಅಳಿಸಿದೆ. ಒಳಗೆ ಹೆಂಡತಿ ಮುದ್ದೆ ತಿರುವುವ ಸದ್ದು ಕೇಳಿಸುತ್ತಿತ್ತು. ಪೆನ್ನು ತೆಗೆದುಕೊಂಡು ಅವಳು ಅವತ್ತು ಅಂದಿದ್ದ ಪದವನ್ನೇ, ಅವರು ಬರೆಯುವ ಹಾಗೆ ದುಂಡಗೆ, ಆ ಖಾಲಿ ಜಾಗದಲ್ಲಿ ಬರೆದೆ: ಹೊಟ್ಟೆಕಿಚ್ಚು.